ಬೆಚ್ಚಗಿದ್ದ ರೇಷ್ಮೆ

ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್‌ನ ವಾಯುಪಡೆ ನೆಲೆಯಲ್ಲಿ ರೇಷ್ಮೆಯ ಪ್ಯಾರಾಚೂಟ್ ಮಡಚುವುದು ನನ್ನ ಕೆಲಸ. ಬಾಂಬರ್ ವಿಮಾನದಲ್ಲಿ ಬಂದೂಕು ಹಿಡಿಯುವ ಗನ್ನರ್ ಸೆಡ್ರಿಕ್ ನಾನು ಮಡಚಿದ್ದನ್ನೇ ಕೇಳಿ ಒಯ್ಯುತ್ತಿದ್ದ.

“ಮಾತಾಡೋಕೆ ಬರದಿದ್ರೂ ಮಡಚೋಕೆ ಬರುತ್ತಲ್ಲ, ಮಹಾರಾಯ್ತಿ!” ಎಂದು ಕೆಣಕುತ್ತಿದ್ದ. ನಾನು ನಾಚಿ ತಲೆ ತಗ್ಗಿಸುತ್ತಿದ್ದೆ.

ಒಂದು ಮಂಗಳವಾರ ಅವನ ವಿಮಾನ ಮರಳಲಿಲ್ಲ. ನಾನು ಮಡಚಿದ ಪ್ಯಾರಾಚೂಟ್ ಬಿಚ್ಚಿಕೊಂಡಿತೋ ಇಲ್ಲವೋ ಎಂಬ ಚಿಂತೆಯಲ್ಲಿ ಊಟ ಸೇರಲಿಲ್ಲ. ಮರುದಿನ, ಮರಳಿದ ಪ್ಯಾರಾಚೂಟ್‌ಗಳನ್ನು ಗಾಳಿಗೆ ತೂಗುಹಾಕುವ ಎತ್ತರದ ಕೋಣೆಗೆ ಬಂದರೆ, ಅಲ್ಲಿ ಅವನು ಒಯ್ದಿದ್ದ ನಂಬರಿನದೂ ತೂಗುತ್ತಿತ್ತು. ಉಳಿದವೆಲ್ಲ ತಣ್ಣಗಿದ್ದವು, ಅದೊಂದು ಮಾತ್ರ ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯಂತೆ ಬೆಚ್ಚಗಿತ್ತು.

ನನ್ನ ಜೊತೆ ಕೆಲಸ ಮಾಡುತ್ತಿದ್ದ, ಅಂದೇ ರಜೆ ಮುಗಿಸಿ ಬಂದಿದ್ದ ಐವಿಗೆ ಸುದ್ದಿ ಗೊತ್ತಿರಲಿಲ್ಲ.

“ನಿನ್ನ ಗನ್ನರ್ ಕೊಟ್ಟುಹೋದ ಕಣೇ. ‘ಚೆನ್ನಾಗಿ ಬಿಚ್ಚಿಕೊಳ್ತು ಅಂತ ಹೇಳಿ, ಪಾಪ, ಯೋಚನೆ ಮಾಡ್ತಿರ್ತಾಳೆ’ ಅಂದ,” ಎಂದಳು.

ಮಡಚುವಾಗ ರೇಷ್ಮೆಯಿಂದ ಸಮುದ್ರದ ಒದ್ದೆ ಮರಳು ಉದುರಿತು. ಸೆಡ್ರಿಕ್ ಇಂದಿಗೂ ಪತ್ತೆಯಾಗಿಲ್ಲ.