ಮದ್ರಾಸಿಗೊಂದು ಟ್ರಂಕ್ ಕಾಲ್

"ಹೆಸರು?"

ಹಿರಿಯೂರಿನ ಟೆಲಿಫೋನ್ ಎಕ್ಸ್‌ಚೇಂಜಿನ ಕಿಟಕಿಯೊಳಗೆ ಕೂತ ಏಕನಾಥಮ್ಮ ತಲೆ ಎತ್ತದೆ ಕೇಳಿದಳು. ಆಚೆ ನಿಂತವನು ಕಪ್ಪು ಕನ್ನಡಕ ತೆಗೆದು ನಕ್ಕ.

"ಗೊತ್ತಿಲ್ವೇನ್ರಿ?"

"ಗೊತ್ತಿದ್ರೆ ಯಾಕೆ ಕೇಳ್ತಿದ್ದೆ? ನಿಮ್ಮ ಹಿಂದೆ ಮೂರು ಜನ ನಿಂತವ್ರೆ. ಬೇಗ ಹೇಳ್ರಿ."

"ಕುಮಾರ ಪ್ರದೀಪ."

"ಅದು ಪೋಸ್ಟರಿನ ಹೆಸರು. ಫಾರಂಗೆ ನಿಜವಾದ ಹೆಸರು ಬೇಕು."

ಅವನ ನಗು ಅರ್ಧಕ್ಕೆ ನಿಂತಿತು. "ಎತ್ತಪ್ಪ" ಎಂದ, ಹಿಂದಿನವರಿಗೆ ಕೇಳಿಸದ ಹಾಗೆ. ಅವಳು ಹಾಗೆಯೇ ಬರೆದುಕೊಂಡಳು. ಗೊತ್ತಿಲ್ಲವೆಂದದ್ದು ಸುಳ್ಳು. ಅವಳ ತಂಗಿ ಕಮಲ ಅವನ ಫೋಟೋವನ್ನು ಟ್ರಂಕಿನ ಮುಚ್ಚಳದ ಒಳಗೆ ಅನ್ನದ ಅಗುಳಿನಿಂದ ಅಂಟಿಸಿ ನಾಲ್ಕು ವರ್ಷವಾಗಿತ್ತು.

ಅದು ೧೯೭೬. ಹೊಸದುರ್ಗದ ಕಡೆಯ ಕುರಿ ಸಾಕುವವರ ಮನೆಯ ಹುಡುಗ ಎತ್ತಪ್ಪ ಐದು ವರ್ಷದ ಹಿಂದೆ, ಹದಿನೇಳನೇ ವಯಸ್ಸಿಗೆ, ಚಿತ್ರದುರ್ಗದ ಕಾಲೇಜೊಂದರ ವಾರ್ಷಿಕೋತ್ಸವದಲ್ಲಿ ಹಾಡಿದ್ದ. ಆರ್ಕೆಸ್ಟ್ರಾದವರು ಅವನನ್ನು ಕರೆದುಕೊಂಡು ಹೋದರು. ಬೆಲ್‌ಬಾಟಮ್ ಹೊಲಿಸಿದರು, ಹೆಸರು ಬದಲಿಸಿದರು. ಮರುವರ್ಷ ಎರಡು ಹಾಡಿನ ಪುಟ್ಟ ರೆಕಾರ್ಡು ಬಂತು. ಹೊಳಲ್ಕೆರೆಯಿಂದ ಹಿರಿಯೂರಿನವರೆಗೆ ಹೋಟೆಲುಗಳಲ್ಲಿ, ಮದುವೆ ಚಪ್ಪರಗಳಲ್ಲಿ ಅದೇ ಹಾಡು. ಹುಡುಗರು ಅವನ ಹಾಗೆ ಕಿವಿ ಮುಚ್ಚುವಷ್ಟು ಕೂದಲು ಬಿಟ್ಟರು. ಹುಡುಗಿಯರು ಅವನ ಕಾರಿನ ಗಾಜಿನ ಮೇಲಿನ ಧೂಳಿನಲ್ಲಿ ಹೆಸರು ಬರೆದು ಓಡಿದರು.

ಇಪ್ಪತ್ತಕ್ಕೆ ಸಿನಿಮಾದವರು ಬಂದು ಅವನನ್ನು ನಾಯಕನನ್ನಾಗಿ ಮಾಡಿದರು. ಮುಖ ಅವನದು, ಕುಣಿತ ಅವನದು. ಮಾತಿನಲ್ಲಿ ಹೊಸದುರ್ಗದ ವಾಸನೆ ಇದೆಯೆಂದು ಮಾತನ್ನು ಬೇರೊಬ್ಬರಿಂದ ಆಡಿಸಿದರು. ಹೆಸರಾದ ಗಾಯಕರಿದ್ದರೆ ರೆಕಾರ್ಡು ಹೆಚ್ಚು ಹೋಗುತ್ತದೆಂದು ಹಾಡನ್ನೂ ಬೇರೊಬ್ಬರಿಂದ ಹಾಡಿಸಿದರು. ಪಿಕ್ಚರ್ ಓಡಿತು. ಈಗ ಎರಡನೆಯದರ ಶೂಟಿಂಗು ಮಾರಿಕಣಿವೆಯ ಡ್ಯಾಮಿನ ಹತ್ತಿರ ನಡೆಯುತ್ತಿತ್ತು. ಅಂದಿನಿಂದ ಊಟದ ಬಿಡುವಿನಲ್ಲಿ ಅವನು ದಿನವೂ ಜೀಪಿನಲ್ಲಿ ಹಿರಿಯೂರಿಗೆ ಬಂದು ಮದ್ರಾಸಿನ ಸಂಗೀತ ನಿರ್ದೇಶಕರಿಗೆ ಫೋನ್ ಮಾಡುತ್ತಿದ್ದ. ಈ ಸಲ ಒಂದೇ ಒಂದು ಹಾಡು ತಾನು ಹಾಡಬೇಕು ಎಂಬುದು ಅವನ ಬೇಡಿಕೆ.

ಆಪರೇಟರು ಗಿರಾಕಿಗಳ ಮಾತು ಕೇಳಬಾರದೆಂಬುದು ನಿಯಮ. ಲೈನು ಇದೆಯೋ ಹೋಯಿತೋ ಎಂದು ನಡುನಡುವೆ ಕಿವಿ ಕೊಡಬೇಕೆಂಬುದೂ ನಿಯಮವೇ. ಹಾಗಾಗಿ ಏಕನಾಥಮ್ಮನಿಗೆ ಎಲ್ಲವೂ ಗೊತ್ತಾಗುತ್ತಿತ್ತು. "ನೋಡೋಣಪ್ಪ" ಎಂದು ನಾಲ್ಕು ದಿನ, "ನೀನು ಸುಮ್ಮನೆ ಆಕ್ಟ್ ಮಾಡು" ಎಂದು ಒಂದು ದಿನ.

ಲೈನು ಸಿಗಲು ಕೆಲವೊಮ್ಮೆ ಗಂಟೆ ಹಿಡಿಯುತ್ತಿತ್ತು. ಅವನು ಬೆಂಚಿನ ಮೇಲೆ ಕೂತು ಕಾಯುತ್ತಿದ್ದ. ಅವಳು ಬೋರ್ಡಿಗೆ ಪ್ಲಗ್ಗು ಚುಚ್ಚುವ ಬೆರಳುಗಳನ್ನು ನೋಡುತ್ತಿದ್ದ. ಅವಳು ತಿರುಗಿದರೆ ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖು ಹುಡುಕುತ್ತಿದ್ದ.

"ಅದು ಹೋದ ತಿಂಗಳಿನ ಹಾಳೆ" ಎಂದಳು ಒಮ್ಮೆ.

"ನನ್ನ ಹಾಡು ಕೇಳೀರೇನ್ರಿ?" ಎಂದು ಅವನು ಮಾತು ತಿರುಗಿಸಿದ.

"ಎದುರಿನ ಹೋಟ್ಲೋರು ಬಿಡ್ಬೇಕಲ್ಲ. ಮುನ್ನೂರು ಸಲನಾದ್ರೂ ಕೇಳೀನಿ."

"ಇಷ್ಟ ಆತಾ?"

"ಕೊನೇ ಸಾಲಿನಾಗೆ ಸುಮ್ನೆ ಕಿರಿಚ್ತೀರಿ. ಅದಿಲ್ದಿದ್ರೆ ಚೆನ್ನಾಗೈತೆ."

ಅವನು ಜೋರಾಗಿ ನಕ್ಕ. ಪೋಸ್ಟರಿನ ನಗುವಲ್ಲ ಅದು, ಹಲ್ಲಿನ ಸಾಲು ಸ್ವಲ್ಪ ಸೊಟ್ಟ ಇರುವುದು ಕಾಣುತ್ತಿತ್ತು. ಅವಳು ಹೆಡ್‌ಫೋನು ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿದಳು.

ಶೂಟಿಂಗಿನ ಕೊನೆಯ ದಿನ ಲೈನು ಬೇಗ ಸಿಕ್ಕಿತು. ಅವನು ಬೂತಿನೊಳಗೆ ಹೋಗಿ, "ಸಾರ್, ಈಗ್ಲೇ ಹಾಡ್ತೀನಿ, ಕೇಳಿ ಹೇಳ್ರಿ" ಎಂದು ಶುರುಮಾಡಿದ. ರೆಕಾರ್ಡಿನ ಹಾಡಲ್ಲ. ಕುರಿ ಹಟ್ಟಿಯಲ್ಲಿ ಅವನ ಅವ್ವ ಮಲ್ಲಕ್ಕ ಹೇಳುತ್ತಿದ್ದ ಪದ. ಎರಡು ಸಾಲು ಮುಗಿಯುವಷ್ಟರಲ್ಲಿ ಏಕನಾಥಮ್ಮನ ಕಿವಿಯಲ್ಲಿ 'ಟಕ್' ಎಂಬ ಸದ್ದಾಯಿತು. ಮದ್ರಾಸಿನವರು ಫೋನ್ ಇಟ್ಟಿದ್ದರು.

ಅವಳು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಪ್ಲಗ್ಗು ಕೀಳಲೂ ಇಲ್ಲ. ಆ ಧ್ವನಿ ಬರಿಗಾಲಿನಲ್ಲಿ ನಡೆದು ಬಂದಂತೆ ಬರುತ್ತಿತ್ತು. ಬೋರ್ಡಿನಲ್ಲಿ ಚಳ್ಳಕೆರೆಯಿಂದ ಕರೆ ಬಂದ ದೀಪ ಹತ್ತಿ ಹತ್ತಿ ಆರಿತು. ಅವಳು ಪೂರ್ತಿ ಪದ ಕೇಳಿದಳು.

"ಹೆಂಗಿತ್ತು ಸಾರ್? ಸಾರ್?"

ಅವಳು ಗುಂಡಿ ಒತ್ತಿ ಮಾತಾಡಿದಳು. "ಅವ್ರು ಮೊದ್ಲೇ ಫೋನ್ ಇಟ್ರು. ನಾನೊಬ್ಬಳೇ ಕೇಳಿದ್ದು."

ಅವನು ಕಿಟಕಿಗೆ ಬಂದಾಗ ಮುಖ ಬಿಳಿಚಿತ್ತು. "ಆಗ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಲ್ಲಿಸ್ತಿದ್ರಿ."

ಅವನು ಜೀಪು ಹತ್ತಿ ಹೋದ. ಲೈನು ಸುಮ್ಮನೆ ಹಿಡಿದಿದ್ದಕ್ಕೆ ಸೂಪರ್‌ವೈಸರ್ ಮಹಮ್ಮದ್ ಗೌಸ್ ಅವಳಿಗೆ ಮೆಮೊ ಕೊಟ್ಟರು. "ನನ್ನ ಅಜಾಗ್ರತೆಯಿಂದ ಆದದ್ದು" ಎಂದು ಬರೆದುಕೊಟ್ಟಳು. ಆಮೇಲೆ ಅವಳಿಗೆ ಚಿತ್ರದುರ್ಗಕ್ಕೆ ವರ್ಗವಾಯಿತು. ಅವನಿಂದ ಕಾಗದ ಬರಲಿಲ್ಲ. ತಾನು ಕಾಯುತ್ತಿಲ್ಲ ಎಂದು ಅವಳು ತಿಳಿದಿದ್ದಳು. ಆದರೂ ಪೋಸ್ಟಿನವನ ಸೈಕಲ್ಲಿನ ಗಂಟೆ ಮಾತ್ರ ಬೇರೆ ಸೈಕಲ್ಲುಗಳ ಗಂಟೆಯಿಂದ ಬೇರೆಯಾಗಿ ಕೇಳಿಸುತ್ತಿತ್ತು.

ಮರುವರ್ಷ ಆ ಪಿಕ್ಚರ್ ಚಿತ್ರದುರ್ಗದಲ್ಲಿ ನೂರು ದಿನ ಓಡಿತು. ಥಿಯೇಟರಿನಲ್ಲಿ ಮಧ್ಯಾಹ್ನ ಸನ್ಮಾನ. ಕಮಲ ಅಕ್ಕನನ್ನು ಎಳೆದುಕೊಂಡು ಹೋದಳು. ಜನ ಸಿನಿಮಾದ ಹಾಡು ಬೇಕೆಂದು ಶಿಳ್ಳೆ ಹೊಡೆದರು. ಅವನು ಮೈಕ್ ಹಿಡಿದು ಮುಂದೆ ಬಂದ.

"ಆ ಹಾಡು ನಾನು ಹಾಡಿದ್ದಲ್ರಿ. ನಂದು ಬರೀ ತುಟಿ. ನಂಗೆ ಬರೋದು ಇದು."

ಅವ್ವನ ಪದ ಹಾಡಿದ. ಮುಂದಿನ ಸಾಲಿನ ಹುಡುಗರು ಕೂಗಿದರು, ಕೆಲವರು ಎದ್ದು ಹೊರಟರು. ನಿರ್ಮಾಪಕರು ಕೈಗಡಿಯಾರ ನೋಡಿಕೊಂಡರು. ಅವನು ಕೊನೆಯವರೆಗೆ ಹಾಡಿ ಮೈಕ್ ಇಟ್ಟ. ಕಮಲಳಿಗೆ ಬೇಜಾರಾಯಿತು. ಏಕನಾಥಮ್ಮ ಎದ್ದು ಹಿಂದಿನ ಗೇಟಿಗೆ ಹೋದಳು.

ಅವಳನ್ನು ಕಂಡು ಅವನು ನಿಂತ. "ಕಾಗದ ಬರೀಬೇಕು ಅಂತ ಎಷ್ಟು ಸಲ ಕುಂತೆನೋ."

"ನನ್ನ ಮೇಲೆ ಸಿಟ್ಟಿತ್ತಲ್ಲ."

"ಸಿಟ್ಟಲ್ರಿ, ನಾಚ್ಕೆ. ಹಾಡ್ತಾ ಹಾಡ್ತಾ ಮದ್ರಾಸು ಮರ್ತೇ ಹೋಗಿತ್ತು. ನಿಮಗೆ ಕೇಳ್ಲಿ ಅಂತಾನೇ ಹಾಡ್ದೆ. ಕೇಳಿದ್ದೂ ನೀವೊಬ್ರೇ ಅಂದಾಗ ಸಿಕ್ಕಿಬಿದ್ದಂಗಾತು."

ಏಕನಾಥಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಡಿಸಿದಳು.

"ನನ್ ಜತೆ ಮದ್ರಾಸಿಗೆ ಬರ್ತೀರಾ?"

"ಇಲ್ಲ."

ಅವನು ತಲೆ ತಗ್ಗಿಸಿದ. "ಹೋಗ್ಲಿ ಬಿಡ್ರಿ."

"ಮದ್ರಾಸು ಬ್ಯಾಡ ಅಂದೆ. ನಿಮ್ಮನ್ನ ಬ್ಯಾಡ ಅಂದ್ನಾ?"

ಹೊರಕೆರೆದೇವಪುರದ ಗುಡಿಯಲ್ಲಿ ಮದುವೆಯಾಯಿತು. ಅವಳು ಐದು ದಿನ ರಜೆ ಹಾಕಿ, ಆರನೆಯ ದಿನ ಬೋರ್ಡಿನ ಮುಂದೆ ಕೂತಳು. ಅವನು ಮದ್ರಾಸಿಗೂ ಚಿತ್ರದುರ್ಗಕ್ಕೂ ಓಡಾಡಿಕೊಂಡಿದ್ದ. ಇನ್ನೆರಡು ಪಿಕ್ಚರ್ ಬಂದವು, ಓಡಲಿಲ್ಲ. ಹುಡುಗಿಯರು ಬೇರೆ ಫೋಟೋ ಅಂಟಿಸಿಕೊಂಡರು. ೧೯೭೯ರಲ್ಲಿ ಅವನಿಗೆ ಸಿಕ್ಕಿದ್ದು ಇನ್‌ಸ್ಪೆಕ್ಟರ್ ಪಾತ್ರ, ಎರಡು ನಿಮಿಷದ್ದು.

ಅಷ್ಟು ಚಿಕ್ಕ ಪಾತ್ರಕ್ಕೆ ಬೇರೆ ಧ್ವನಿ ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ. ಥಿಯೇಟರಿನ ಹಿಂದಿನ ಸಾಲಿನಲ್ಲಿ ಗಂಡನ ಪಕ್ಕದಲ್ಲಿ ಕೂತ ಏಕನಾಥಮ್ಮನಿಗೆ ಆಗ ಏಳು ತಿಂಗಳು. ಪರದೆಯ ಮೇಲೆ ಬಾಗಿಲು ತೆರೆಯಿತು. "ಯಾರೂ ಅಲುಗಾಡಬೇಡಿ!" ಅವನದೇ ದನಿ, ಹೊಸದುರ್ಗದ ಎಳೆತದ ಸಮೇತ.

"ಹೆಂಗೈತೆ?" ಎಂದ ಅವನು, ಕಿವಿಯ ಹತ್ತಿರ ಬಗ್ಗಿ.

"ಲಾಠಿ ಹಿಡಿಯಾಕೆ ಬರಲ್ಲ ನಿಮಗೆ" ಎಂದಳು. ಕೈ ಮಾತ್ರ ಪಿಕ್ಚರ್ ಮುಗಿಯುವವರೆಗೂ ಬಿಡಲಿಲ್ಲ.