ಮೂಗು ಸವೆದ ಇಲಿಗಳು

"ನಮ್ಮ ಮನೆಗೆ ಇಲಿ ಬರುವುದಲ್ಲ ಬಾಯಮ್ಮ, ಯಾರೋ ತಂದು ಬಿಡುವುದು."

ನಳಿನಾಕ್ಷಿಯ ಈ ಮಾತನ್ನು ನಾನು ಅಂದೇ ಬರೆದಿಟ್ಟುಕೊಂಡೆ. ಕಾಪುವಿನ ಗ್ಲ್ಯಾಡಿಸ್ ಬಾಯಿಯವರ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿದ್ದು ತುಳು ಹಾಡುಕತೆಗಳಾದ ಪಾಡ್ದನಗಳನ್ನೂ ಅಜ್ಜಿಕತೆಗಳನ್ನೂ ಸಂಗ್ರಹಿಸುತ್ತಿದ್ದ ನನಗೆ, ಹೇಳಿದವರು ಯಾರು, ಎಂದು, ಎಲ್ಲಿ ಎಂಬುದನ್ನು ದಾಖಲಿಸದೆ ಯಾವ ಮಾತನ್ನೂ ಬಿಟ್ಟು ಅಭ್ಯಾಸವಿರಲಿಲ್ಲ. ಗ್ಲ್ಯಾಡಿಸ್ ಬಾಯಿ ಕಾಲೇಜೊಂದರ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಬೀದಿಯಲ್ಲಿ ಯಾರ ಸರ ಕಳೆದರೂ ಜನ ಠಾಣೆಗಿಂತ ಮೊದಲು ಅವರ ಜಗಲಿಗೆ ಬರುತ್ತಿದ್ದರು.

ನಳಿನಾಕ್ಷಿ ಮೀನು ಮಾರುವವಳು. ದೋಣಿಯ ಕೆಲಸದ ಅವಳ ಗಂಡ ಹೂವಪ್ಪ, ಇಲಿಯ ಮೂತ್ರ ಸೇರಿದ ನೀರಿನಿಂದ ತಗಲುವ ಇಲಿಜ್ವರ ಬಂದು ಮಣಿಪಾಲದ ಆಸ್ಪತ್ರೆಯಲ್ಲಿದ್ದ. ಎರಡೂ ಮೂತ್ರಪಿಂಡಗಳು ಸೋತಿದ್ದವು.

"ಮೈದುನ ರೂಪೇಶ್ ಹೇಳುವುದೆಂತ ಗೊತ್ತುಂಟಾ? ಅತ್ತಿಗೆಯ ಗಲೀಜಿನಿಂದ ಅಣ್ಣನಿಗೆ ಹೀಗಾಯಿತಂತೆ. ಅಣ್ಣ ಹೋದರೆ ನಾನೂ ಮನೆ ಬಿಡಬೇಕಂತೆ. ನೆಂಟರೆಲ್ಲ ಹೌದು ಹೌದು ಅಂತಾರೆ. ಗಲೀಜು ನನ್ನದೇ ಅಂತ ನೀವೂ ಹೇಳಿ, ಎದ್ದು ಹೋಗ್ತೇನೆ."

"ಮೊದಲು ನೋಡುವ, ಆಮೇಲೆ ಹೇಳುವ," ಎಂದರು ಗ್ಲ್ಯಾಡಿಸ್ ಬಾಯಿ.

ನಳಿನಾಕ್ಷಿಯ ಮನೆ ಒರೆಸಿಟ್ಟಂತಿತ್ತು. ಮೀನು ಒಣಗಿಸುವುದು ದೂರದ ಕಡಲತೀರದಲ್ಲಿ; ಒಳಗೆ ಒಂದು ಸಿಗಡಿಯೂ ಇರಲಿಲ್ಲ. ನಳಿನಾಕ್ಷಿ ಐದಕ್ಕೆ ಮೀನು ಕೊಳ್ಳಲು ಹೊರಟು ಒಂಬತ್ತಕ್ಕೆ ಮರಳುವಾಗ ಬಚ್ಚಲಿನಲ್ಲಿ ಇಲಿ ಇರುತ್ತಿತ್ತಂತೆ. ಉಪ್ಪುನೀರಿಗೆ ಹಿಮ್ಮಡಿ ಒಡೆದಿದ್ದ ಹೂವಪ್ಪ ದಿನವೂ ಸ್ನಾನ ಮಾಡುತ್ತಿದ್ದದ್ದು ಅದೇ ಬಚ್ಚಲಿನಲ್ಲಿ. ಅದರ ನೀರು ಹೋಗುವ ತೂತು ಹೊರಗೆ ಓಣಿಗೆ ತೆರೆದಿತ್ತು.

ಅವಳು ಪೊರಕೆಯಲ್ಲಿ ಹೊಡೆದು ಕೊಂದಿದ್ದ ಎರಡು ಇಲಿಗಳನ್ನು ಗ್ಲ್ಯಾಡಿಸ್ ಬಾಯಿ ಕಡ್ಡಿಯಿಂದ ಹೊರಳಿಸಿದರು. "ಮೂಗು ನೋಡಿ. ಬರೆದುಕೊಳ್ಳಿ."

ಮೂಗಿನ ತುದಿಯ ಚರ್ಮ ಸವೆದು ಹೋಗಿತ್ತು. ಒಣಗಿದ ಗಾಯದ ಮೇಲೆ ಹಸಿ ಗಾಯ.

ಇಲಿ ಕಂಡ ದಿನಗಳಿಗೆಲ್ಲ ನಳಿನಾಕ್ಷಿ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗೀಟು ಹಾಕಿದ್ದಳು. ನಾನು ಎಣಿಸಿದೆ: ಇಪ್ಪತ್ತೊಂಬತ್ತು ದಿನಗಳಲ್ಲಿ ಇಪ್ಪತ್ತೇಳು ಗೀಟು, ಎರಡು ಖಾಲಿ ಚೌಕ.

"ಈ ಎರಡು ದಿನ ಎಂತ ಆಯಿತು?"

"ಎಂತ ಆಗುವುದು? ಇಲಿ ಬರಲಿಲ್ಲ, ಅಷ್ಟೆ."

ಸುತ್ತಮುತ್ತ ಇಲಿ ಹಿಡಿಯುವ ಬೋನು ಇದ್ದದ್ದು ಎರಡೇ ಕಡೆ. ಒಂದು, ಪಕ್ಕದಲ್ಲೇ ಇದ್ದ ರೂಪೇಶನ ಬಲೆಯ ಶೆಡ್ಡಿನಲ್ಲಿ. ಅವನು ಬೋನಿಗೆ ಮೀನಿನ ತಲೆ ಸಿಕ್ಕಿಸುತ್ತಿದ್ದ.

"ಸಿಕ್ಕಿದ್ದು ನೇರ ಸಮುದ್ರಕ್ಕೆ. ಬೋನು ಸಮೇತ ಮುಳುಗಿಸಿ ನೂರು ಎಣಿಸುವುದು," ಎಂದು ನಕ್ಕ. "ನಿಮಗೆ ಬೇಕಾದರೆ ಒಂದು ಜೊತೆ ಇಡುತ್ತೇನೆ ಬಾಯಿ."

ಇನ್ನೊಂದು, ಓಣಿಯಾಚೆಯ ರಘುವೀರ ಮಾಷ್ಟ್ರ ಮನೆಯಲ್ಲಿ. ಅವರು ಕಾರ್ಕಳದ ಶಾಲೆಯೊಂದರಲ್ಲಿ ಸಂಸ್ಕೃತದ ಅಧ್ಯಾಪಕರು. ನಾವು ಹೋದಾಗ ಬೆಳಿಗ್ಗೆ ಎಂಟೂವರೆ. ಅವರ ಸ್ಕೂಟರ್ ಆಗಲೇ ಹೊರಟಿತ್ತು. ತೊಳೆದ ಬೋನು ಕಂಪೌಂಡ್ ಗೋಡೆಯ ಮೇಲೆ ಬಿಸಿಲಿಗೆ ಒಣಗುತ್ತಿತ್ತು.

"ಇಲಿಯನ್ನು ಕೊಲ್ಲುವ ಸಂಪ್ರದಾಯ ನಮ್ಮಲ್ಲಿಲ್ಲ," ಎಂದರು ಅವರ ಪತ್ನಿ ಸುಭಾಷಿಣಿ. "ಸಂಜೆ ಬೋನಿನಲ್ಲಿ ಉಳಿದ ದೋಸೆಯ ಚೂರು ಇಡುವುದು. ಬಿದ್ದದ್ದನ್ನು ಇವರು ಶಾಲೆಗೆ ಹೋಗುವಾಗ ಕಾರ್ಕಳದ ಹತ್ತಿರದ ಕುಕ್ಕುಂದೂರಿನ ಗುಡ್ಡೆಗೆ ಬಿಡುತ್ತಾರೆ. ಅದಕ್ಕೂ ಜೀವ ಉಂಟಲ್ವಾ?"

ಈ ಹೇಳಿಕೆಯನ್ನು ನಾನು 'ಜೀವದಯೆ' ಎಂಬ ತಲೆಬರಹದ ಕೆಳಗೆ ಗೌರವದಿಂದ ದಾಖಲಿಸಿದೆ. ನನ್ನ ಸಂಶಯವಿದ್ದದ್ದು ರೂಪೇಶನ ಮೇಲೆ. ಮನೆ ದಕ್ಕುವುದು ಅವನಿಗೇ ಅಲ್ಲವೇ?

ಮುಂದಿನ ಶನಿವಾರ ಮಧ್ಯಾಹ್ನ ಮೂರಕ್ಕೆ ಗ್ಲ್ಯಾಡಿಸ್ ಬಾಯಿ ಎಲ್ಲರನ್ನೂ ಮಾಷ್ಟ್ರ ಜಗಲಿಯಲ್ಲೇ ಸೇರಿಸಿದರು. ಏಕಾದಶಿ. ನೀರನ್ನೂ ಮುಟ್ಟದ ಮಾಷ್ಟ್ರ ತುಟಿ ಒಣಗಿತ್ತು. ಗ್ಲ್ಯಾಡಿಸ್ ಬಾಯಿಯವರ ಕಾಲ ಬಳಿ ಮೈಯೊರೆಸುವ ಬೈರಾಸು ಮುಚ್ಚಿದ ವಸ್ತುವೊಂದಿತ್ತು.

"ಬಿಲದಿಂದ ಬಂದ ಇಲಿಯ ಮೂಗು ಸವೆದಿರುವುದಿಲ್ಲ," ಎಂದು ಅವರು ಆರಂಭಿಸಿದರು. "ಇವು ಬೋನಿನ ಸರಿಗೆಗೆ ಮೂಗು ತಿಕ್ಕಿದ ಇಲಿಗಳು. ಗಾಯದ ಮೇಲೆ ಗಾಯ ಅಂದರೆ ಒಂದೇ ಇಲಿ ಎರಡು ಮೂರು ಸಲ ಸಿಕ್ಕಿದೆ. ಅವವೇ ಇಲಿಗಳು ಬೋನಿನಿಂದ ನಳಿನಾಕ್ಷಿಯ ಬಚ್ಚಲಿಗೆ, ಬಚ್ಚಲಿನಿಂದ ಪುನಃ ಬೋನಿಗೆ ಸುತ್ತು ಹೊಡೆಯುತ್ತಿದ್ದವು. ಸಮುದ್ರದಲ್ಲಿ ಮುಳುಗಿದ್ದು ಹಾಗೆ ಬರುವುದಿಲ್ಲ. ಕುಕ್ಕುಂದೂರಿಗೆ ಹೋದದ್ದೂ ನಡೆದುಕೊಂಡು ಬರುವುದಿಲ್ಲ. ಇಬ್ಬರಲ್ಲಿ ಒಬ್ಬರು ಹೇಳಿದ್ದು ಸುಳ್ಳು."

"ಎಲ್ಲರೂ ನನ್ನನ್ನೇ ನೋಡುವುದೆಂತಕ್ಕೆ?" ಎಂದ ರೂಪೇಶ್.

"ನಾನು ನೋಡಿದ್ದು ಕ್ಯಾಲೆಂಡರನ್ನು. ಖಾಲಿ ಇದ್ದ ಎರಡೂ ಚೌಕ ಏಕಾದಶಿಯ ಮರುದಿನದವು. ಏಕಾದಶಿಗೆ ಒಲೆ ಹಚ್ಚದ ಮನೆಯಲ್ಲಿ ದೋಸೆ ಉಳಿಯುವುದಿಲ್ಲ. ಬೋನು ಬರಿದು. ಮರುದಿನ ಬಿಡಲಿಕ್ಕೆ ಇಲಿ ಇಲ್ಲ. ರೂಪೇಶನ ಮೀನಿನ ತಲೆಗೆ ಎಂತ ಏಕಾದಶಿ?"

"ಏಕಾದಶಿಯ ಲೆಕ್ಕ ನಿಮಗೆ ಹೇಗೆ ಹೊಳೆಯಿತು?" ಎಂದು ನಾನು ಕೇಳದಿರಲಾಗಲಿಲ್ಲ.

"ಅದೇ ಚೌಕದ ಪಕ್ಕ ಅಚ್ಚು ಹಾಕಿದ್ದಾರೆ ಮಾರಾಯ್ರೆ. ನೀವು ಗೀಟು ಮಾತ್ರ ಎಣಿಸಿದ್ದು." ಅವರು ಸುಭಾಷಿಣಿಯವರ ಕಡೆ ತಿರುಗಿದರು. "ಕುಕ್ಕುಂದೂರಿಗೆ ಹೋದ ಬೋನು ಸಂಜೆ ಸ್ಕೂಟರಿನೊಟ್ಟಿಗೆ ಬರಬೇಕಿತ್ತು. ಬೆಳಿಗ್ಗೆ ಎಂಟೂವರೆಗೆ ಗೋಡೆಯ ಮೇಲೆ ಒಣಗುತ್ತಿತ್ತಲ್ಲ?"

ಸುಭಾಷಿಣಿ ಸೆರಗಿನ ಅಂಚನ್ನು ನೋಡುತ್ತ, "ನಾನು ತೊಳೆದಿಟ್ಟೆ. ಕೇಳಲಿಲ್ಲ," ಎಂದರು.

"ಇವತ್ತು ಬೆಳಿಗ್ಗೆ ಬಚ್ಚಲಿನ ತೂತಿಗೆ ಒಳಗಿನಿಂದ ನನ್ನ ಬೋನು ಒತ್ತಿಟ್ಟು, ನಾನೂ ನನ್ನ ಮೇಲಂತಸ್ತಿನ ಇವರೂ ಕುಳಿತಿದ್ದೆವು. ಏಳೂ ಇಪ್ಪತ್ತಕ್ಕೆ ಹೊರಗೆ ಮುಚ್ಚಳ ಎತ್ತಿದ ಸದ್ದು. 'ಹೋಗು, ಹೋಗು' ಅಂತ ಒಂದು ಮಾತು. ನಿಮ್ಮ ಸ್ವರ, ಮಾಷ್ಟ್ರೆ."

ಅವರು ಬೈರಾಸು ಎಳೆದರು. ಬೋನಿನೊಳಗೆ ಮೂಗು ಸವೆದ ಇಲಿಯೊಂದು ಮುದುಡಿ ಕುಳಿತಿತ್ತು.

ಮಾಷ್ಟ್ರು ಸ್ವರ ಏರಿಸಲಿಲ್ಲ. "ಅಷ್ಟು ದೂರ ಒಯ್ಯಲಿಕ್ಕೆ ಸಮಯ ಎಲ್ಲುಂಟು? ಅವರದ್ದು ಮೀನಿನ ಮನೆ. ಇಲಿ ಹೇಗೂ ಹೋಗುವಲ್ಲಿಗೇ ಹೋಯಿತು. ಅವರಿಗೆ ಅದೆಲ್ಲ ಅಭ್ಯಾಸ. ನಾನು ಈವರೆಗೆ ಒಂದು ಜೀವವನ್ನೂ ಕೊಂದವನಲ್ಲ."

"ಹೂವಪ್ಪ ಆಸ್ಪತ್ರೆಗೆ ಸೇರಿ ಒಂಬತ್ತು ದಿನ," ಎಂದರು ಗ್ಲ್ಯಾಡಿಸ್ ಬಾಯಿ. "ಎಂತ ಜ್ವರ ಅಂತ ಬೀದಿಗೆಲ್ಲ ಗೊತ್ತಿತ್ತು. ಆ ಒಂಬತ್ತು ದಿನವೂ ಕ್ಯಾಲೆಂಡರಿನಲ್ಲಿ ಗೀಟು ಉಂಟು."

ನಳಿನಾಕ್ಷಿ ಎದ್ದು ಬೋನನ್ನು ಎತ್ತಿ ಮಾಷ್ಟ್ರ ಕೈಗೆ ಕೊಟ್ಟಳು.

"ಕೊಲ್ಲಬೇಡಿ ಮಾಷ್ಟ್ರೆ. ಬಿಡಿ. ನಿಮ್ಮ ಮನೆಯೊಳಗೆ ಬಿಡಿ. ನೋಡಿಕೊಂಡು ಹೋಗ್ತೇನೆ."

ತೆರೆದ ಬಾಗಿಲಿನಾಚೆ ದೇವರ ಕೋಣೆಯ ದೀಪ ಕಾಣುತ್ತಿತ್ತು. ಮಾಷ್ಟ್ರು ಅತ್ತ ನೋಡಿದರು, ಓಣಿಯತ್ತ ನೋಡಿದರು. ಇಲಿ ಸರಿಗೆಗೆ ಮೂಗು ತಿಕ್ಕತೊಡಗಿತು. ಕೊನೆಗೆ ಅವರು ಬೋನನ್ನು ರೂಪೇಶನತ್ತ ಚಾಚಿದರು.

"ನೀನು ಹೇಗೂ ಸಮುದ್ರದ ಕಡೆಗೆ ಹೋಗುವವನಲ್ಲವೇ," ಎಂದರು.

ರೂಪೇಶ್ ಕೈ ನೀಡಲಿಲ್ಲ. ಬೋನು ಗಾಳಿಯಲ್ಲೇ ಉಳಿಯಿತು.

ಭಾನುವಾರ ದ್ವಾದಶಿ. ಬೆಳಿಗ್ಗೆ ಆರಕ್ಕೆ, ಹೂವಪ್ಪ ಹೋದನೆಂದು ಆಸ್ಪತ್ರೆಯಿಂದ ಫೋನು ಬಂತು. ಏಳಕ್ಕೆ ನಾನು ಹೋದಾಗ ರೂಪೇಶ್ ಓಣಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಬಚ್ಚಲಿನ ತೂತಿಗೆ ಸಿಮೆಂಟು ಮೆತ್ತುತ್ತಿದ್ದ. ಒಳಗೆ ನಳಿನಾಕ್ಷಿ ಕ್ಯಾಲೆಂಡರಿನ ಮುಂದೆ ಪೆನ್ಸಿಲು ಹಿಡಿದು ನಿಂತಿದ್ದಳು.

"ಇವತ್ತು ಇಲಿ ಬರಲಿಲ್ಲ," ಎಂದಳು. "ಬರೆದುಕೊಳ್ಳಿ."