ಉಬ್ಬರವನ್ನು ಬಂಡೆಗೆ ಕಟ್ಟಿದ ಕಾಲ

ಈ ಕತೆಯನ್ನು ನನಗೆ ಮೊದಲು ಹೇಳಿದವಳು ಬಳಚು ಮಾರಲು ನಮ್ಮ ಮನೆ ಬಾಗಿಲಿಗೆ ಬರುತ್ತಿದ್ದ ಗುಲಾಬಕ್ಕ. ಬಳಚು ಅಂದರೆ ಹೊಳೆ ಕಡಲು ಸೇರುವ ಕಡೆ ಕೆಸರಿನಲ್ಲಿ ಸಿಗುವ ಚಿಪ್ಪಿನ ಜೀವಿ. ಅದನ್ನು ಒಡೆಯುತ್ತಾ ಒಡೆಯುತ್ತಾ ಗುಲಾಬಕ್ಕ ಕತೆ ಹೇಳುವಳು. ಕತೆಗಾಗಿ ಕೈ ನಿಲ್ಲಿಸಿದವಳಲ್ಲ, ಕೈಗಾಗಿ ಕತೆ ನಿಲ್ಲಿಸಿದವಳೂ ಅಲ್ಲ. ಅವಳು ಹೇಳಿದ ಹಾಗೇ ಹೇಳುತ್ತೇನೆ. ಸುಳ್ಳಿದ್ದರೆ ಅವಳದು, ತಪ್ಪಿದ್ದರೆ ನನ್ನದು.

ಬಹಳ ಹಿಂದೆ, ಕಡಲಿಗೂ ಮನುಷ್ಯರಿಗೂ ಮಾತುಕತೆ ಇದ್ದ ಕಾಲದಲ್ಲಿ, ಅಳಿವೆಕೋಟೆ ಎಂಬ ರಾಜ್ಯವಿತ್ತು. ಅಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಉಬ್ಬರ ಬಂದಾಗ ಅರ್ಧ ರಾಜ್ಯ ನೀರು, ಇಳಿದಾಗ ಅದೇ ಅರ್ಧ ಕೆಸರು. ನೀರಿಗೂ ನೆಲಕ್ಕೂ ನಡುವೆ ಕಾಂಡ್ಲ ಕಾಡು. ಕೆಸರಿನಲ್ಲಿ ಬೇರುಗಾಲು ಊರಿ ನಿಂತ ಆ ಮರಗಳ ಸಂದಿಯಲ್ಲಿ ಸಿಗಡಿ ಮರಿ, ಏಡಿ ಮರಿ, ನೂರು ಜಾತಿಯ ಮೀನಿನ ಮರಿ ಬೆಳೆಯುತ್ತಿದ್ದವು. ಗಂಡಸರು ಇಳಿತದ ಬೆನ್ನು ಹತ್ತಿ ದೋಣಿ ನೂಕುತ್ತಿದ್ದರು, ಉಬ್ಬರದ ಹೆಗಲೇರಿ ಮನೆಗೆ ಬರುತ್ತಿದ್ದರು. ಹೊಳೆ ಕಡಲಿಗೆ ಬೀಳುವ ಅಳಿವೆಯ ಬಾಯಲ್ಲಿ ಕರಿಬಂಡೆಗಳ ಸಾಲೊಂದಿತ್ತು. ಉಬ್ಬರವಿಲ್ಲದೆ ಯಾವ ದೋಣಿಯೂ ಅದನ್ನು ದಾಟುವಂತಿರಲಿಲ್ಲ.

ಆ ರಾಜ್ಯದ ದೊರೆ ಧರಣಿಪಾಲ. ಎಲ್ಲ ಇದ್ದೂ ಅವನಿಗೊಂದು ನೋವಿತ್ತು. ಪಕ್ಕದ ರಾಜ ಒಮ್ಮೆ ಔತಣದಲ್ಲಿ, "ನಿಮ್ಮ ರಾಜ್ಯದ ವಿಸ್ತೀರ್ಣ ಎಷ್ಟು ಮಹಾರಾಜರೇ? ಬೆಳಗಿನದ್ದು ಹೇಳ್ತೀರೋ, ಮಧ್ಯಾಹ್ನದ್ದೋ?" ಎಂದು ಕೇಳಿ ಇಡೀ ಸಭೆಯನ್ನು ನಗಿಸಿದ್ದ. ಅಂದಿನಿಂದ ಧರಣಿಪಾಲನಿಗೆ ಅನ್ನ ಗಂಟಲಿನಲ್ಲಿ ಇಳಿಯಲಿಲ್ಲ.

ಆಗ ಬಂದ, ಮರಳುಗಾಡಿನ ಮಾಂತ್ರಿಕ ಶೋಷಕೇತು. ಅವನು ನಡೆದಲ್ಲಿ ಹುಲ್ಲು ಒಣಗುತ್ತಿತ್ತು. "ದೊರೆಯೇ, ಆ ಕಾಂಡ್ಲ ಕಾಡು ಕಡಿಸಿ ಬೇರನ್ನು ನನಗೆ ಕೊಡು. ಉಬ್ಬರವೇ ಬಾರದ ಹಾಗೆ ಮಾಡುತ್ತೇನೆ. ಕೆಸರೆಲ್ಲ ನೆಲವಾಗುತ್ತದೆ, ನೆಲವೆಲ್ಲ ನಿನ್ನದಾಗುತ್ತದೆ" ಎಂದ.

ದೊರೆ ಕಡಿಸಿದ. ಮಾಂತ್ರಿಕ ಬೇರುಗಳನ್ನು ಹೊಸೆದು ಹಗ್ಗ ಮಾಡಿದ. ಕಡಲು ಪೂರ್ತಿ ಇಳಿದಿದ್ದ ಗಳಿಗೆ ನೋಡಿ ಉಬ್ಬರವನ್ನು ಅಳಿವೆಯ ಕೊನೆಯ ಕರಿಬಂಡೆಗೆ ಬಿಗಿದು ಗಂಟು ಹಾಕಿದ. ಕಟ್ಟಿದ ಎಮ್ಮೆಯ ಹಾಗೆ ಕಡಲು ಅಲ್ಲೇ ನಿಂತಿತು.

ಅವತ್ತು ಹದಿನಾರು ದೋಣಿ ಕಡಲಿಗೆ ಹೋಗಿದ್ದವು. ಅದರಲ್ಲೊಂದು ಹಮ್ಮಣ್ಣನದು. ಅವನ ಹೆಂಡತಿ ಮಂಕಾಳಿ, ಬಳಚು ಆಯುವವಳು. ಅವರ ಮದುವೆಯಾಗಿ ಹದಿನೇಳು ದಿನವಾಗಿತ್ತು.

ದೋಣಿಗಳು ಬಂಡೆಸಾಲಿನ ತನಕ ಬಂದವು, ತಿರುಗಿದವು, ಮತ್ತೆ ಬಂದವು. ಕೊನೆಗೆ ದೂರದ ಕೊಕ್ಕರೆ ನಡುಗಡ್ಡೆಗೆ ಹೋಗಿ ತಂಗಿದವು. ಅಲ್ಲಿ ಸಿಹಿನೀರಿನ ಒರತೆಯೊಂದಿತ್ತು, ಹಾಗಾಗಿ ಅವರು ಬದುಕಿದರು. ದಿನಾ ಮಧ್ಯಾಹ್ನ, ಗಾಳಿ ದಡದ ಕಡೆ ಬೀಸುವಾಗ, ಹಮ್ಮಣ್ಣ ಶಂಖ ಊದುತ್ತಿದ್ದ. ಮಂಕಾಳಿ ಅಂಗಳದಲ್ಲಿ ನಿಂತು ಕೇಳುತ್ತಿದ್ದಳು. ಕೇಳಿ ಒಳಗೆ ಬಂದು ಅತ್ತೆಗೆ, ತನಗೆ, ಗಂಡನಿಗೆ ಎಂದು ಮೂವರಿಗೆ ಅಕ್ಕಿ ಹಾಕುತ್ತಿದ್ದಳು. ಅದೇ ಮಡಕೆಗೆ ಅತ್ತೆಯೂ ಮಗನಿಗೆಂದು ಮೊದಲೇ ಒಂದು ಮುಷ್ಟಿ ಹೆಚ್ಚು ಹಾಕಿ ಬಂದಿರುತ್ತಿದ್ದಳು.

ವರ್ಷ ಕಳೆಯಿತು. ಕೆಸರು ಬಿರಿದು ಉಪ್ಪುಗಟ್ಟಿತು. ಬಳಚುಗಳು ಬಾಯಿ ತೆರೆದು ಸತ್ತವು. ಹಕ್ಕಿಗಳು ಹೋದವು. ದೊರೆಯ ಹೊಸ ನೆಲದಲ್ಲಿ ಹುಲ್ಲೂ ಹುಟ್ಟಲಿಲ್ಲ. ಮೀನಿಲ್ಲದ ಅರಮನೆಯಲ್ಲಿ ಮೂರು ಹೊತ್ತೂ ಬದನೆಕಾಯಿ. ಕೆಸರಿನಾಚೆ ಹೋಗಿ ಗಂಟು ಬಿಚ್ಚಿ ಬನ್ನಿ ಎಂದು ದೊರೆ ಸೈನಿಕರನ್ನು ಕಳಿಸಿದರೆ ಅವರು ನಾಲ್ಕು ಹೆಜ್ಜೆಗೇ ಸೊಂಟದ ತನಕ ಹೂತರು. ಮೇಲೆ ಬಿರಿದಿದ್ದರೂ ಒಳಗೆ ಕೆಸರು ಕೆಸರೇ.

ಒಂದು ದಿನ ಶಂಖದ ದನಿ ತೀರ ಸಣ್ಣದಾಗಿ ಕೇಳಿತು. ಮಂಕಾಳಿಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಕಾಂಡ್ಲ ಕಾಡಿದ್ದ ಜಾಗಕ್ಕೆ ಹೋಗಿ ಅತ್ತಳು. ಅಲ್ಲಿ ಒಂದೇ ಒಂದು ಮುದಿ ಮರ ಉಳಿದಿತ್ತು. ಅದರ ಬುಡದ ಕೆಸರಿಗೆ ಇಳಿಯಲು ಅರಮನೆಯ ಮರ ಕಡಿಯುವವರಿಗೆ ಮನಸ್ಸಾಗಿರಲಿಲ್ಲ. ಚಪ್ಪಲಿ ಹೊಸದಿತ್ತು.

"ಯಾರದು ಅಳೋದು?" ಎಂದಿತು ಮರ.

"ನಾನು ಅಜ್ಜೀ, ಮಂಕಾಳಿ. ಉಬ್ಬರ ಬಂದರೆ ನನ್ನ ಗಂಡ ಬರ್ತಾನೆ. ಉಬ್ಬರವನ್ನು ಕಟ್ಟಿದ್ದಾರೆ."

"ಕಟ್ಟಿದ್ದು ನನ್ನ ಮಕ್ಕಳ ಬೇರಿನಿಂದ. ಆ ಗಂಟಿಗೆ ಕತ್ತಿ ತಾಗೋದಿಲ್ಲ. ಬೇರು ಬೇರಿನ ಮಾತು ಮಾತ್ರ ಕೇಳುತ್ತದೆ" ಎಂದು ಮರ ತನ್ನ ಕೊಂಬೆಯಿಂದ ಒಂದು ಹಸಿರು ಕೋಡನ್ನು ಅವಳ ಮಡಿಲಿಗೆ ಬೀಳಿಸಿತು. ಕಾಂಡ್ಲದ ಬೀಜ ತಾಯಿಯ ಮೇಲಿರುವಾಗಲೇ ಮೊಳೆತು, ಇಂಥ ಕೋಡಾಗಿ ಕೆಳಗಿಳಿಯುತ್ತದೆ. "ಇದು ನನ್ನ ಕಡೆಯ ಮಗು. ಬಂಡೆಯ ಬುಡದಲ್ಲಿ ನೆಡು. ಇದರ ಬೇರು ಗಂಟಿನೊಳಗೆ ಹೊಕ್ಕು ಬಿಡಿಸುತ್ತದೆ. ಆದರೆ ಸಿಹಿನೀರು ಕುಡಿದರೆ ಇದು ಕೊಳೆಯುತ್ತದೆ, ಬರೀ ಕಡಲ ನೀರು ಕುಡಿದರೆ ಸುಡುತ್ತದೆ. ಎರಡೂ ಬೆರೆತದ್ದು ಬೇಕು."

"ಹೊಳೆಯೂ ಕಡಲೂ ಸೇರದ ಈ ಕಾಲದಲ್ಲಿ ಅಂಥ ನೀರು ಎಲ್ಲಿಂದ ತರಲಿ?"

"ನಿನ್ನ ಕೆನ್ನೆ ಮೇಲಿದೆಯಲ್ಲೇ ಮಾರಾಯ್ತಿ!" ಎಂದಿತು ಮರ.

ಮಂಕಾಳಿ ಒಂದು ವರ್ಷ ಸುಮ್ಮನೆ ಅತ್ತಿದ್ದಳು. ಈಗ ಅಳುವಿಗೂ ಒಂದು ಕೆಲಸ ಸಿಕ್ಕಿತು. ಕೋಡನ್ನು ಮರದಡಿ ಬಿದ್ದಿದ್ದ ಎಲೆಗಳಲ್ಲಿ ಸುತ್ತಿಕೊಂಡು ಮನೆಗೆ ಬಂದು ಅತ್ತೆಗೆ ಹೇಳಿದಳು. ಅತ್ತೆ ಬಳಚಿನ ಬುಟ್ಟಿ ಎತ್ತಿ ಕೊಟ್ಟು, "ಹೋಗು ಮಗಾ. ಅವನನ್ನು ಕರ್ಕೊಂಡು ಬಾ. ಬುಟ್ಟಿ ಮಾತ್ರ ಅಲ್ಲೇ ಬಿಟ್ಟು ಬರಬೇಡ, ಅದು ನನ್ನ ತವರಿನದು" ಎಂದು ಮುಖ ತಿರುಗಿಸಿ ನಿಂತಳು.

ಬಳಚು ಆಯುವವರಿಗೆ ಕೆಸರಿನಲ್ಲಿ ನಡೆಯಲು ಗೊತ್ತು. ಹಿಮ್ಮಡಿ ಊರಬಾರದು, ನಿಲ್ಲಬಾರದು, ಗಾಬರಿಯಾಗಬಾರದು. ಹಾಗೆ ನಡೆದಳು ಮಂಕಾಳಿ.

ಮೊದಲ ದಿನ ದಾರಿಗೆ ಅಡ್ಡವಾಗಿ ಒಂದು ಏಡಿ ಕೂತಿತ್ತು. ಮನೆಯಷ್ಟು ದೊಡ್ಡದು. ಕೊಂಡಿ ಕಟಕಟ ಎನ್ನಿಸಿ, "ಹೊಟ್ಟೆಯೊಳಗೆ ಬೆಂಕಿ ಇಟ್ಟಿದ್ದಾನೆ ಆ ಮಾಂತ್ರಿಕ. ಹಸಿದಷ್ಟೂ ಬೆಳೆಯುತ್ತೇನೆ. ನಿನ್ನನ್ನು ತಿನ್ನಲೇ?" ಎಂದು ಕೇಳಿತು.

"ನಾನು ಯಾವ ಲೆಕ್ಕಕ್ಕೆ? ಬರೀ ಎಲುಬು" ಎಂದಳು ಮಂಕಾಳಿ. "ಮೊದಲೆಲ್ಲ ಏನು ತಿನ್ನುತ್ತಿದ್ದೆ?"

"ಕಾಂಡ್ಲದ ಉದುರೆಲೆ. ಈಗ ಮರವೆಲ್ಲಿದೆ, ಎಲೆಯೆಲ್ಲಿದೆ?"

ಮಂಕಾಳಿ ಕೋಡಿಗೆ ಸುತ್ತಿದ್ದ ಎಲೆಗಳನ್ನು ಬಿಚ್ಚಿ ಕೊಟ್ಟಳು. ಏಡಿ ಒಂದೊಂದನ್ನೇ ಕತ್ತರಿಸಿ ತಿಂದಿತು. ತಿಂದ ಹಾಗೆ ಹಾಗೆ ಸಣ್ಣದಾಗಿ ಅಂಗೈಯಷ್ಟಾಯಿತು. ಆಮೇಲೆ ಅವಳ ಹಿಂದೆಯೇ ಓರೆಯಾಗಿ ನಡೆದು ಬಂತು, ಬಾ ಎಂದು ಯಾರೂ ಕರೆಯದಿದ್ದರೂ.

ಎರಡನೆಯ ದಿನ ದಾರಿಗೆ ಅಡ್ಡವಾಗಿ ಒಂದು ಗುಡ್ಡ. ಅದು ಗುಡ್ಡವಲ್ಲ, ಕಡಲಾಮೆ. ದಡಕ್ಕೆ ಬಂದು ಮೊಟ್ಟೆಯಿಟ್ಟವಳನ್ನು ಮಾಂತ್ರಿಕ ಕಲ್ಲಾಗಿಸಿದ್ದ. ಅವಳ ಸುತ್ತ ಮರಿಗಳು ಕಡಲೆಲ್ಲೆಂದು ತಿಳಿಯದೆ ಗಿರಗಿರ ತಿರುಗುತ್ತಿದ್ದವು.

"ನನ್ನನ್ನು ಹತ್ತಿ ದಾಟುವವಳು ನನ್ನ ಮಕ್ಕಳನ್ನು ಹೊತ್ತು ದಾಟಬೇಕು" ಎಂದಿತು ಕಲ್ಲು.

"ಎಷ್ಟಿವೆ?"

"ನೂರ ಹನ್ನೊಂದು."

"ಅಯ್ಯೋ ನನ್ನ ತಾಯೀ, ಒಂದು ಮಾಡಿಕೊಳ್ಳಲು ನಮಗೆ ಪುರುಸೊತ್ತಾಗಲಿಲ್ಲ" ಎಂದಳು ಮಂಕಾಳಿ. ಅಷ್ಟನ್ನೂ ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊತ್ತಳು. ಕತ್ತು ಕುಸಿಯಿತು, ಕಾಲು ಹೂತಿತು. ಹಿಮ್ಮಡಿ ಮಾತ್ರ ಊರಲಿಲ್ಲ. ಅವಳು ಆಚೆ ಇಳಿದಾಗ ಕಲ್ಲಿಗೆ ಉಸಿರು ಬಂತು. ಆಮೆ ತೆವಳುತ್ತಾ ಅವಳ ಹಿಂದೆ ಹೊರಟಿತು.

ಮೂರನೆಯ ದಿನ ಕರಿಬಂಡೆ ಕಂಡಿತು. ಬಂಡೆಯ ಮುಂದೆ ಹಮ್ಮಣ್ಣ ನಿಂತಿದ್ದ.

ಅದೇ ಹೆಗಲು. ಅದೇ ಸೊಟ್ಟ ನಗು. ಕೈಯಲ್ಲಿ ಮಲ್ಲಿಗೆ ದಂಡೆ. "ಬಂದೆ ಮಂಕಾಳೀ" ಎಂದ. "ಸಾಕು ಅಲೆದದ್ದು. ಆ ಕೋಡು ಎಸೆದುಬಿಡು. ಮನೆಗೆ ಹೋಗೋಣ. ನಿನಗೆಂದೇ ಹೂ ತಂದಿದ್ದೇನೆ."

ಮಂಕಾಳಿಯ ಮೈ ಪೂರಾ ಅವನ ಕಡೆ ವಾಲಿತು. ವರ್ಷವಿಡೀ ಅಂಗಳದಲ್ಲಿ ನಿಂತು ಕೇಳಬೇಕೆಂದಿದ್ದ ಮಾತು ಅದೇ. ಆದರೆ ಅವರ ಕೇರಿಯಲ್ಲಿ ಕಡಲಿನಿಂದ ಬಂದ ಗಂಡಸು ಹೆಂಡತಿಯ ಹತ್ತಿರ ಮಾತಾಡುವುದಕ್ಕೆ ಮೊದಲು ಸಾರಿನ ಮೀನು ಕೊಡುತ್ತಾನೆ. ಬಲೆ ಹರಿದಿರಲಿ, ದೋಣಿ ಒಡೆದಿರಲಿ, ಒಂದು ಸಿಗಡಿಯಾದರೂ ಸರಿ. ಕೊಟ್ಟ ಮೇಲೇ ಬಾಯಿ ಬಿಡುವುದು. ಇದು ಗೊತ್ತಿಲ್ಲದ್ದು ಮರಳುಗಾಡಿನವನಿಗೆ ಮಾತ್ರ.

ಇವನು ಅವನಲ್ಲವೆಂದು ಗೊತ್ತಾದ ಮೇಲೂ ಅವಳು ಒಂದು ಗಳಿಗೆ ಆ ಮುಖವನ್ನು ನೋಡಿದಳು. ಸುಳ್ಳಾದರೂ ಅವನದೇ ಮುಖ. ಇನ್ನೊಂದು ಗಳಿಗೆ ನೋಡಿದಳು. ಆಮೇಲೆ ಕೇಳಿದಳು:

"ಸಾರಿಗೆ ಏನು ತಂದಿದ್ದೀ?"

"ಸಾರಿಗೆ? ಮಲ್ಲಿಗೆ ತಂದಿದ್ದೇನಲ್ಲ!"

"ಮಲ್ಲಿಗೆ ಸಾರು ನೀನೇ ಉಣ್ಣು" ಎಂದು ಮಂಕಾಳಿ ಅವನನ್ನು ದಾಟಿ ನಡೆದಳು. ಅವಳು ಬೆನ್ನು ತಿರುಗಿಸಿದ್ದೇ ಹಮ್ಮಣ್ಣನ ಮುಖ ಸುಣ್ಣದ ಹಾಗೆ ಉದುರಿತು. ಒಳಗಿದ್ದ ಶೋಷಕೇತು ಹಲ್ಲು ಕಡಿದ. ಮೋಸಹೋಗದವರನ್ನು ಮುಟ್ಟುವ ಶಕ್ತಿ ಅವನ ಮಂತ್ರಕ್ಕಿರಲಿಲ್ಲ. "ನೆಡು, ನೆಡು. ನಿನ್ನ ಕಣ್ಣೀರು ಬತ್ತುವ ತನಕ ಇಲ್ಲೇ ಕಾಯುತ್ತೇನೆ" ಎಂದು ದೂರ ಹೋಗಿ ಕೂತ.

ಬಂಡೆಯಾಚೆಗೆ ಕಟ್ಟಿಹಾಕಿದ ಕಡಲು ನಿಂತಿತ್ತು. ಮಂಕಾಳಿ ಬುಟ್ಟಿ ಬಗ್ಗಿಸಿದಳು. ನೂರ ಹನ್ನೊಂದು ಮರಿಗಳು ನೀರಿಗೆ ಬಿದ್ದವು, ಹಿಂದೆಯೇ ತಾಯಿ ಆಮೆಯೂ ಜಾರಿತು. ಈಚೆಗೆ, ಗಂಟಿನ ಬುಡದಲ್ಲಿ, ಕೋಡು ನೆಟ್ಟಳು.

ಗಿಡ ಅವಸರ ಮಾಡಲಿಲ್ಲ. ಅವಳು ಬಂಡೆಗೆ ಅಂಟಿದ ಚಿಪ್ಪಿನ ಜೀವಿಗಳನ್ನು ಕೆತ್ತಿ ತಿಂದು ಅಲ್ಲೇ ಕಾದಳು. ಮಧ್ಯಾಹ್ನ ನಡುಗಡ್ಡೆಯಿಂದ ಶಂಖ ಕೇಳುತ್ತಿತ್ತು, ಈಗ ಹತ್ತಿರದಿಂದ, ಊದುವವನು ನಡುವೆ ಉಸಿರಿಗೆ ನಿಲ್ಲುವುದೂ ತಿಳಿಯುವಷ್ಟು. ಯಾರು ಕೇಳುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ದಿನಾ ಅತ್ತಳು, ದಿನಾ ಗಿಡ ಕುಡಿಯಿತು. ಎರಡು ಹುಣ್ಣಿಮೆ ಕಳೆದವು. ಬೇರು ಗಂಟಿನ ಮೊದಲ ಸುತ್ತು ಬಿಡಿಸಿತು, ಎರಡನೆಯ ಸುತ್ತು ಬಿಡಿಸಿತು. ಮೂರನೆಯ ಸುತ್ತಿಗೆ ಬಂದಾಗ ಅವಳ ಕಣ್ಣು ಬತ್ತಿತು. ಎಷ್ಟು ನೆನೆದರೂ ಹನಿ ಬರಲಿಲ್ಲ. ಗಿಡದ ತುದಿ ಬಾಡಿತು. ಮಾಂತ್ರಿಕ ಎದ್ದು ನಿಂತು ಕೈ ಕೊಡವಿಕೊಂಡ.

ಅಷ್ಟರಲ್ಲಿ ಅಂಗೈಯಷ್ಟಿದ್ದ ಆ ಏಡಿ ಓರೆಯಾಗಿ ಓಡಿಹೋಗಿ ಅವನ ಪಂಚೆಯ ಹಿಂದೆ ಕಚ್ಚಿ ನೇತಾಡಿತು. ಮೂರು ಲೋಕ ಒಣಗಿಸಬಲ್ಲ ಮಹಾಮಾಂತ್ರಿಕ "ಅಯ್ಯಯ್ಯೋ ಅಮ್ಮಾ" ಎಂದು ಬಂಡೆಯ ಸುತ್ತ ಮೂರು ಸುತ್ತು ಕುಣಿದ. ಮಂಕಾಳಿಗೆ ನಗು ಬಂತು. ಒಂದು ವರ್ಷ ಎರಡು ತಿಂಗಳ ನಗು ಒಟ್ಟಿಗೇ ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು, ಕೆಸರಿನಲ್ಲಿ ಕೂತು ನಕ್ಕಳು, ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ನಕ್ಕಾಗ ಬರುವ ನೀರೂ ಉಪ್ಪೇ. ಗಿಡ ಗಟಗಟ ಕುಡಿಯಿತು.

ಗಂಟು ಬಿಚ್ಚಿತು.

ಉಬ್ಬರ ಅಬ್ಬರಿಸಲಿಲ್ಲ. ತವರಿಗೆ ಬಂದ ಮಗಳ ಹಾಗೆ ಮೆಲ್ಲಗೆ ಬಂದು, ಮೊದಲು ಹೊಸ್ತಿಲು ಮುಟ್ಟಿ, ಆಮೇಲೆ ಮೂಲೆಮೂಲೆಯನ್ನೂ ನೋಡಿಕೊಂಡು ಬಂತು. ಬಿರುಕುಗಳು ತುಂಬಿದವು. ನೀರು ಪಾದಕ್ಕೆ ತಾಗಿದ್ದೇ ಶೋಷಕೇತು ಕುಗ್ಗಿ ಕುಗ್ಗಿ, ಕೆಸರಿನ ಮೇಲೆ ಕುಪ್ಪಳಿಸುವ ಉಬ್ಬುಗಣ್ಣಿನ ಮೀನಾದ. ನೀರಿಗೂ ಸಲ್ಲ, ನೆಲಕ್ಕೂ ಸಲ್ಲ. ಎರಡೂ ಬೇಕು ಅವನಿಗೆ.

ಅದೇ ಉಬ್ಬರದ ಮೇಲೆ ಹದಿನಾರು ದೋಣಿ ಬಂಡೆಸಾಲು ದಾಟಿದವು. ಬಂಡೆಯ ನೆತ್ತಿಯಲ್ಲಿ ಬುಟ್ಟಿ ಹಿಡಿದು ನಿಂತಿದ್ದವಳನ್ನು ಕಂಡು ಹಮ್ಮಣ್ಣ ಹುಟ್ಟು ಕೈಬಿಟ್ಟ. ಮೊದಲು ಒಂದು ಸಿಗಡಿಯನ್ನು ಅವಳ ಬುಟ್ಟಿಗೆ ಎಸೆದ, ಆಮೇಲೆ ಬಾಯಿ ಬಿಟ್ಟ.

"ಏನೇ ಇಷ್ಟು ಕಪ್ಪಾಗಿದ್ದೀ?"

"ನೀನು ನೆರಳಿನಲ್ಲಿದ್ದವನ ಹಾಗೆ ಕಾಣ್ತೀಯಾ? ಕೈ ಕೊಡು ಮಾರಾಯ, ಸೀರೆ ಒದ್ದೆಯಾಗ್ತದೆ" ಎಂದಳು. ಅವಳು ತಲೆಯಿಂದ ಕಾಲಿನ ತನಕ ಕೆಸರಾಗಿದ್ದಳು.

ದೊರೆ ಧರಣಿಪಾಲ ಸೊಂಟದ ತನಕ ಕೆಸರಿಗಿಳಿದು ಉಬ್ಬರ ದೂರದ ದಡಗಳಿಂದ ತೇಲಿಸಿ ತಂದ ಸಾವಿರ ಕೋಡುಗಳನ್ನು ತನ್ನ ಕೈಯಾರೆ ನೆಟ್ಟ. ನೆಡದೆ ಊಟವಿಲ್ಲ ಎಂದು ರಾಣಿ ಹೇಳಿದ್ದಳು. ಕಾಂಡ್ಲ ಎದ್ದಿತು, ಸಿಗಡಿ ಬಂತು, ಬಳಚು ಬಂತು, ಹಕ್ಕಿಗಳು ದೂರು ಹೇಳುತ್ತಾ ವಾಪಸು ಬಂದವು. ಎಲ್ಲರೂ ಹೊಟ್ಟೆತುಂಬ ಉಂಡು ಸುಖವಾಗಿದ್ದರು.

ದೋಣಿಗಳು ಬಂದ ನಾಲ್ಕನೆಯ ದಿನವೇ ಹಮ್ಮಣ್ಣ ಮತ್ತೆ ದೋಣಿ ನೂಕಿದ್ದ. ಮೀನು ಹಿಡಿಯುವವನು ಇನ್ನೇನು ಮಾಡುತ್ತಾನೆ? ಮಂಕಾಳಿ ದಡದಲ್ಲಿ ನಿಂತಳು. ನೀರು ಅವಳ ಕಾಲಡಿಯ ಮರಳನ್ನು ಎಳೆದುಕೊಂಡು ಇಳಿಯಿತು, ಎದೆಯೊಳಗೂ ಏನೋ ಇಳಿಯಿತು. ಆದರೆ ಇದು ಎರಡು ಜಾವದ ಕಾಯುವಿಕೆ. ಎರಡು ಜಾವ ಕಳೆದರೆ ಕಡಲು ತಿರುಗುತ್ತದೆ. ಅಷ್ಟರೊಳಗೆ ಬಳಚು ಆಯ್ದು ಬರಬಹುದೆಂದು ಅವಳು ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದಳು.

ಇಷ್ಟು ಹೇಳಿ ಗುಲಾಬಕ್ಕ ಕತ್ತಿ ತೊಳೆದು ಏಳುತ್ತಿದ್ದಳು. "ನಾನು ಹೊತ್ತು ತಂದದ್ದು ಹೊತ್ತುಕೊಂಡೇ ಹೋಗುವವಳಲ್ಲ. ನೀನು ಇಟ್ಟುಕೊಳ್ಳಬೇಡ, ಯಾರಿಗಾದರೂ ಹೇಳು" ಎನ್ನುತ್ತಿದ್ದಳು. ನಾನು ನಿಮಗೆ ಹೇಳಿದೆ. ನೀವು, ಯಾರನ್ನಾದರೂ ಕಾಯುತ್ತಾ ಕೂತವರು ಕಂಡರೆ, ಪಕ್ಕದಲ್ಲಿ ಕೂತು ಅವರಿಗೆ ಹೇಳಿ.